ದಂಡ ಕಟ್ಟಿ ಕೈತೊಳೆದುಕೊಳ್ಳುವ ಮುಂಚೆ

ಕೋಲಾರ ಜಿಲ್ಲೆಯ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ ನಾನು. ನರಸಾಪುರ, ವೇಮಗಲ್, ಮಾಲೂರು ಕಡೆ ಕಾರ್ಖಾನೆಗಳು ಬಂದಮೇಲೆ ನನ್ನ ಆಫೀಸಿಗೆ ಬೇರೆಯೇ ಥರದ ಕಕ್ಷಿದಾರರು ಬರತೊಡಗಿದ್ದಾರೆ. ಇವರ ಮೇಲೆ ಈಗ ಯಾವ ಕೇಸೂ ನಡೆಯುತ್ತಿಲ್ಲ. ಹಿಂದೆಂದೋ ಇದ್ದದ್ದು ಮುಗಿದು ವರ್ಷಗಳಾಗಿವೆ. ಕೆಲಸಕ್ಕೆ ಆಯ್ಕೆಯಾಗಿ, ಕಂಪನಿಯವರು ಪೊಲೀಸ್ ವೆರಿಫಿಕೇಶನ್ ಕೇಳಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದ ಹೊತ್ತಿಗೆ ಆ ಹಳೇ ಕೇಸು ಎದ್ದು ಬಂದಿರುತ್ತದೆ. "ಲಾಯರಮ್ಮ, ಎಷ್ಟು ಖರ್ಚಾದ್ರೂ ಆಗಲಿ, ಇದನ್ನ ರೆಕಾರ್ಡಿಂದ ತೆಗೆಸಿಕೊಡಿ" ಅಂತ ಕೇಳುತ್ತಾರೆ. ಓದಿಕೊಂಡ ಹುಡುಗರು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾರೆ. ಅದರಲ್ಲಿ ಅಮೆರಿಕದ ವಕೀಲರೊಬ್ಬರು ಎಕ್ಸ್‌ಪಂಜ್‌ಮೆಂಟ್, ಅಂದರೆ ಹಳೇ ಕೇಸಿನ ದಾಖಲೆ ಅಳಿಸುವುದರ ಬಗ್ಗೆ ವಿವರಿಸುತ್ತಿರುತ್ತಾರೆ.

ಆ ವಿಡಿಯೊ ಸುಳ್ಳಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹಳೆಯ ಅಪರಾಧದ ದಾಖಲೆಯನ್ನು ಅಳಿಸಲು ಅಥವಾ ಮುಚ್ಚಿಡಲು ಕೋರ್ಟಿಗೆ ಅರ್ಜಿ ಹಾಕಬಹುದು. ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಕಾನೂನು ಮಾಡಿ, ಅರ್ಜಿಯೇ ಇಲ್ಲದೆ ಕೆಲವು ದಾಖಲೆಗಳು ತಾವಾಗಿಯೇ ಮುಚ್ಚಿಕೊಳ್ಳುವ ಏರ್ಪಾಡು ತಂದಿತು. ಬ್ರಿಟನ್ನಿನಲ್ಲಿ 1974ರಿಂದಲೂ, ಇಂತಿಷ್ಟು ವರ್ಷ ಸರಿಯಾಗಿ ಬದುಕಿದವನ ಸಣ್ಣಪುಟ್ಟ ಶಿಕ್ಷೆಯನ್ನು ಬಹುಪಾಲು ಕೆಲಸಗಳಿಗೆ ಲೆಕ್ಕಕ್ಕೆ ಹಿಡಿಯಬಾರದು ಅನ್ನುವ ಕಾಯ್ದೆ ಇದೆ. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ಇಲ್ಲ. ಒಮ್ಮೆ ಶಿಕ್ಷೆ ಅಂತ ದಾಖಲಾದರೆ ಆಮೇಲೆ ಅಳಿಸಿಕೊಡಿ ಅಂತ ಕೇಳುವುದಕ್ಕೆ ಒಂದು ನಮೂನೆ, ಒಂದು ಕೌಂಟರ್ ಅನ್ನುವುದು ಇಲ್ಲ. ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಇಲ್ಲದ್ದನ್ನು ಇದೆ ಅಂತ ಹೇಳಿ ಹುಡುಗರ ಹತ್ತಿರ ಫೀಸು ತೆಗೆದುಕೊಳ್ಳಲಾಗದು.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು, ನಮ್ಮ ಕಡೆ ದಾಖಲೆಯ ಹಣೆಬರಹ ತೀರ್ಮಾನವಾಗುವುದು ಕೇಸು ನಡೆಯುವಾಗಲೇ ಎಂದು. ಅದರಲ್ಲೂ ಸಣ್ಣ ಕೇಸುಗಳಲ್ಲಿ ಮೊದಲ ವಾಯಿದೆಯ ದಿನವೇ.

ಒಂದು ಉದಾಹರಣೆ ಹೇಳುತ್ತೇನೆ. ಮುಳಬಾಗಿಲು ತಾಲ್ಲೂಕಿನ ಹಳ್ಳಿಯ ಹುಡುಗ, ಐಟಿಐ ಓದಿದವನು. ಯುಗಾದಿ ಹಬ್ಬದ ಮಾರನೇ ದಿನ ಊರಾಚೆ ಹೊಂಗೆ ಮರದ ಕೆಳಗೆ ಅಂದರ್ ಬಾಹರ್ ನಡೆಯುತ್ತಿತ್ತು. ಪೊಲೀಸರು ಬಂದರು. ಓಡಿದವರು ಓಡಿದರು, ಸಿಕ್ಕವರಲ್ಲಿ ಇವನೂ ಒಬ್ಬ. ಪಂಚನಾಮೆ ಹೇಗಿರುತ್ತದೆ ಅಂದರೆ, 52 ಇಸ್ಪೀಟ್ ಎಲೆ, ಕೆಳಗೆ ಹಾಸಿದ್ದ ಒಂದು ಹಳೇ ದಿನಪತ್ರಿಕೆ, ಪಣಕ್ಕಿಟ್ಟಿದ್ದ ಹಣ. ಕೇಸು ಹಾಕುವುದು ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87ರಡಿ, ಸಾರ್ವಜನಿಕ ಜಾಗದಲ್ಲಿ ಜೂಜಾಡಿದರು ಅಂತ. ಹಬ್ಬದ ಮಾರನೇ ವಾರ ಯಾವ ತಾಲ್ಲೂಕು ಕೋರ್ಟಿಗೆ ಹೋದರೂ ಇಂಥ ಕಡತ ಸಿಗುತ್ತದೆ. ಅದೇ ರೀತಿ ಪೆಟ್ಟಿ ಅಂಗಡಿಯ ಮುಂದೆ ಕುಡಿಯಲು ಜಾಗ ಕೊಟ್ಟರು ಅಂತ ಅಬಕಾರಿ ಕಾಯ್ದೆಯ 15(ಎ), 32(3) ಕೇಸುಗಳು. ಅವುಗಳಲ್ಲಿ ಜಪ್ತಿಯಾಗುವುದು ಒಂದಷ್ಟು 90 ಎಂಎಲ್ ಟೆಟ್ರಾ ಪ್ಯಾಕು, ಪ್ಲಾಸ್ಟಿಕ್ ಲೋಟ.

ಸಮನ್ಸ್‌ನಲ್ಲಿ ಹೇಳಿದ ದಿನ ಅಪ್ಪ ಮಗ ಇಬ್ಬರೂ ಕೋರ್ಟಿಗೆ ಬರುತ್ತಾರೆ. ಟೊಮೇಟೊ ಕೊಯ್ಲಿನ ಕಾಲ, ಮಾರ್ಕೆಟ್ಟಿಗೆ ಲೋಡು ಕಳಿಸಬೇಕು, ಮಗನಿಗೆ ಬೆಂಗಳೂರಲ್ಲಿ ಕೆಲಸ, ರಜೆ ಹಾಕಿದರೆ ಸಂಬಳ ಕಟ್. ಪಕ್ಕದಲ್ಲಿ ನಿಂತ ಯಾರೋ ಒಬ್ಬರು, "ತಪ್ಪಾಯ್ತು ಸ್ವಾಮಿ ಅಂತ ಒಪ್ಪಿಕೊಂಡು ಬಿಡು, ದಂಡ ಹಾಕ್ತಾರೆ, ಕಟ್ಟಿ ಮನೆಗೆ ಹೋಗು" ಅನ್ನುತ್ತಾರೆ. ಮ್ಯಾಜಿಸ್ಟ್ರೇಟರು ಆರೋಪದ ಸಾರಾಂಶ ಓದಿ ಹೇಳಿ, ಒಪ್ಪುತ್ತೀಯಾ ಅಂತ ಕೇಳುತ್ತಾರೆ. ಹುಡುಗ ಹೂಂ ಅನ್ನುತ್ತಾನೆ. ದಂಡದ ರಸೀದಿ ಕೈಗೆ ಬರುತ್ತದೆ. ನೋಡಲು ಅದು ಕರೆಂಟ್ ಬಿಲ್ಲಿನ ರಸೀದಿಯ ಹಾಗೇ ಇರುತ್ತದೆ. ಆದರೆ ಕಡತದೊಳಗೆ ಅದಕ್ಕೆ ಹೆಸರು ಅಪರಾಧ ಸಾಬೀತು, ಶಿಕ್ಷೆ.

ಈ ಹುಡುಗ ನನ್ನ ಹತ್ತಿರ ಬಂದದ್ದು ವರ್ಷಗಳು ಕಳೆದ ಮೇಲೆ, ಕೇಂದ್ರ ಪಡೆಯೊಂದರ ನೇಮಕಾತಿಯ ದೃಢೀಕರಣ ನಮೂನೆ ಹಿಡಿದುಕೊಂಡು. ಆ ನಮೂನೆಯ ಕಾಲಂ ಓದಿದರೆ ಗೊತ್ತಾಗುತ್ತದೆ: ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ? ಪ್ರಾಸಿಕ್ಯೂಷನ್ ನಡೆದಿದೆಯೇ? ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ? ಕೋರ್ಟು ದಂಡ ಹಾಕಿದೆಯೇ? ಶಿಕ್ಷೆಯಾಗಿದೆಯೇ? ದಂಡಕ್ಕೇ ಒಂದು ಪ್ರತ್ಯೇಕ ಪ್ರಶ್ನೆ ಇದೆ ಅನ್ನುವುದನ್ನು ಅವನು ಆ ದಿನವೇ ಮೊದಲು ನೋಡಿದ್ದು.

ಇಲ್ಲಿಂದ ಹಿಂದಕ್ಕೆ ಹೋಗುವ ದಾರಿ ಬಹಳ ಕಿರಿದು. ತಾನೇ ತಪ್ಪು ಒಪ್ಪಿಕೊಂಡು ಶಿಕ್ಷೆಯಾದವನಿಗೆ ಶಿಕ್ಷೆಯ ಪ್ರಮಾಣ ಅಥವಾ ಅದು ಕಾನೂನುಬದ್ಧವೋ ಅನ್ನುವಷ್ಟರ ಮೇಲೆ ಮಾತ್ರ ಅಪೀಲು ಸಿಗುತ್ತದೆ. ಒಪ್ಪಿಗೆ ಬರೆದುಕೊಂಡ ರೀತಿಯಲ್ಲೇ ದೋಷವಿದ್ದರೆ ರಿವಿಷನ್ (ಮೇಲಿನ ಕೋರ್ಟಿಗೆ ಮರುಪರಿಶೀಲನೆಯ ಅರ್ಜಿ) ಹಾಕಬಹುದು, ಆದರೆ ಅದನ್ನು ತೋರಿಸುವುದು ಸುಲಭವಿಲ್ಲ.

ಮೊದಲ ದಿನವೇ ಬಂದಿದ್ದರೆ? ಕಲಂ 87 ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 155(2), 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 174(2). ಠಾಣೆಯ ಕೋರಿಕೆಯ ಮೇಲೆ ಸುಮ್ಮನೆ 'ಅನುಮತಿಸಿದೆ' ಅಂತ ಒಂದು ಪದ ಬರೆದರೆ ಸಾಲದು, ವಿವೇಚನೆ ಬಳಸಿ ಆದೇಶ ಮಾಡಬೇಕು ಅಂತ ನಮ್ಮ ಹೈಕೋರ್ಟಿನ ಕಲಬುರಗಿ ಪೀಠ 2019ರಲ್ಲಿ ವಿವರವಾಗಿ ಹೇಳಿದೆ. ಇಂಥ ಲೋಪದ ಮೇಲೆ ಎಷ್ಟೋ ಜೂಜಿನ ಕೇಸುಗಳು ರದ್ದಾಗಿವೆ. ಹಾಗಾಗಿ ನಾನು ಮೊದಲು ತೆರೆದು ನೋಡುವುದು ಚಾರ್ಜ್‌ಶೀಟಿನ ಜೊತೆಗಿರುವ ಆ ಅನುಮತಿಯ ಹಾಳೆಯನ್ನು. ವಾಯಿದೆಗೆ ಬರಲಾಗದು ಅನ್ನುವ ಕಷ್ಟಕ್ಕೂ ದಾರಿಯಿದೆ. ಗೈರುಹಾಜರಿ ಮನ್ನಾ ಕೋರಿ ವಕೀಲರ ಮೂಲಕ ಅರ್ಜಿ ಕೊಡಬಹುದು. ಸಂಬಳ ಕಟ್ ಆಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಇಪ್ಪತ್ತು ವರ್ಷದ ಹುಡುಗ ಅಪರಾಧಿ ಅನ್ನಿಸಿಕೊಳ್ಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಒಪ್ಪಿಕೊಳ್ಳಲೇಬೇಕಾದ ಪರಿಸ್ಥಿತಿ ಇದ್ದರೂ ಬರೀ ದಂಡಕ್ಕೆ ತಲೆಬಾಗಬೇಡಿ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958 ಅಂತ ಒಂದಿದೆ, ಪ್ರೊಬೇಷನ್ ಕಾಯ್ದೆ ಅನ್ನುತ್ತೇವೆ. ಮೊದಲ ಸಲದ ಸಣ್ಣ ಅಪರಾಧಕ್ಕೆ ಕಲಂ 3ರಡಿ ಎಚ್ಚರಿಕೆ ಕೊಟ್ಟು ಬಿಡಬಹುದು, ಕಲಂ 4ರಡಿ ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣದಿಂದ ಬರುವ ಅನರ್ಹತೆ ಅಂಟುವುದಿಲ್ಲ ಅಂತ ಕಲಂ 12 ಹೇಳುತ್ತದೆ. ಶಿಕ್ಷೆ ಆಗಿತ್ತು ಅನ್ನುವ ಸಂಗತಿ ಅಳಿಸಿಹೋಗುವುದಿಲ್ಲ, ಕೇಳಿದಾಗ ಹೇಳಲೇಬೇಕು. ಆದರೂ ಬರೀ ದಂಡದ ರಸೀದಿಗಿಂತ ಈ ಆದೇಶಕ್ಕೆ ಎಷ್ಟೋ ಬೆಲೆ ಇದೆ. ಸಣ್ಣ ಕೇಸುಗಳಲ್ಲಿ ಇದನ್ನು ಕೇಳುವವರೇ ಕಡಿಮೆ. ಕೇಳಿ ಅಂತ ಕಿರಿಯ ವಕೀಲರಿಗೆ ಪದೇ ಪದೇ ಹೇಳುತ್ತೇನೆ.

ಇನ್ನೊಂದು ಬಗೆ, ಬದುವಿನ ಜಗಳ. ಬದುವಿನ ಮೇಲಿನ ನೀಲಗಿರಿ ಮರ ಯಾರದ್ದು, ಬೋರ್‌ವೆಲ್ ಪೈಪು ಯಾರ ಜಮೀನಿನಲ್ಲಿ ಹೋಗಬೇಕು ಅಂತ ಶುರುವಾಗಿ ಅಣ್ಣತಮ್ಮಂದಿರ ಮಕ್ಕಳು ಹೊಡೆದಾಡುತ್ತಾರೆ. ಕೇಸು, ಪ್ರತಿಕೇಸು. ಜಗಳದಲ್ಲಿ ಇಲ್ಲದೆ ಮನೆಯಲ್ಲಿ ಓದುತ್ತಿದ್ದ ಹುಡುಗನ ಹೆಸರನ್ನೂ ಸೇರಿಸಿರುತ್ತಾರೆ. ಹಳೇ ಭಾರತೀಯ ದಂಡ ಸಂಹಿತೆಯ (ಐಪಿಸಿ) 323, 324, 504, 506, ಅಂದರೆ ಹೊಡೆತ, ಆಯುಧದಿಂದ ಗಾಯ, ಅವಮಾನ, ಬೆದರಿಕೆ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಂಬರುಗಳು ಬೇರೆ, ಜಗಳ ಅದೇ. ಒಂದು ಮದುವೆಯೋ ಸಾವೋ ಬಂದಾಗ ಎರಡೂ ಮನೆಯವರು ಒಂದಾಗುತ್ತಾರೆ. ಊರಲ್ಲಿ ರಾಜಿ ಆಯಿತು ಅಂತ ಕೋರ್ಟಿನ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ. ಅಲ್ಲಿ ವಾರಂಟ್ ಹೊರಟಿರುತ್ತದೆ.

ಊರ ರಾಜಿ ಕೋರ್ಟಿನ ಕಡತಕ್ಕೆ ಇಳಿಯಬೇಕು. ಕಾನೂನು ರಾಜಿಗೆ ಒಪ್ಪುವ ಕಲಂಗಳಲ್ಲಿ ಇಬ್ಬರೂ ಸೇರಿ ಅರ್ಜಿ ಕೊಟ್ಟು, ಕೋರ್ಟು ಅದನ್ನು ಒಪ್ಪಿದರೆ ಅದಕ್ಕೆ ಖುಲಾಸೆಯಷ್ಟೇ ಬಲ. ಲೋಕ ಅದಾಲತ್‌ನಲ್ಲೂ ಮಾಡಿಕೊಳ್ಳಬಹುದು. ತೊಡಕು ಇರುವುದು 324ರಲ್ಲಿ. ಮಚ್ಚು, ಕುಡುಗೋಲಿನಂಥ ಆಯುಧದಿಂದ ಗಾಯ ಮಾಡಿದ ಆರೋಪ. ಹಿಂದೆ ಕೋರ್ಟಿನ ಅನುಮತಿ ಪಡೆದು ಇದನ್ನೂ ರಾಜಿ ಮಾಡಿಕೊಳ್ಳಬಹುದಿತ್ತು. 2009ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಪಟ್ಟಿಯಿಂದ ತೆಗೆಯಿತು. ಈಗ ಇದಕ್ಕೆ ಹೈಕೋರ್ಟಿಗೇ ಹೋಗಬೇಕು. ರಾಜಿಗೆ ಬಾರದ ಅಪರಾಧವಾದರೂ, ಖಾಸಗಿ ಜಗಳದ ಸ್ವರೂಪದ್ದಾಗಿದ್ದು ಇಬ್ಬರೂ ನಿಜವಾಗಿ ಒಂದಾಗಿದ್ದರೆ ಹೈಕೋರ್ಟು ಕೇಸು ರದ್ದು ಮಾಡಬಹುದು ಅಂತ ಸುಪ್ರೀಂ ಕೋರ್ಟು 2012ರಲ್ಲಿ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕೊಲೆ, ಅತ್ಯಾಚಾರ, ದರೋಡೆಯಂಥವಕ್ಕೆ ಇದು ಅನ್ವಯಿಸದು ಅಂತಲೂ ಹೇಳಿತು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 482ರಡಿ ಹಾಕುತ್ತಿದ್ದ ಅರ್ಜಿಯನ್ನು ಈಗ ನಾಗರಿಕ ಸುರಕ್ಷಾ ಸಂಹಿತೆಯ 528ರಡಿ ಹಾಕುತ್ತೇವೆ.

ಖರ್ಚು ಉಳಿಸಲು ಜನ ಬೇರೆ ದಾರಿ ಹಿಡಿಯುತ್ತಾರೆ. ಸಾಕ್ಷಿಗಳು ಕಟಕಟೆಯಲ್ಲಿ ನಿಂತು 'ನಾನೇನೂ ನೋಡಿಲ್ಲ' ಅನ್ನುತ್ತಾರೆ, ಕೇಸು ಬಿದ್ದುಹೋಗುತ್ತದೆ. ಪ್ರಮಾಣ ಮಾಡಿ ಸುಳ್ಳು ಹೇಳುವುದು ತಪ್ಪು, ಅದಕ್ಕೆ ನಾನು ಸಲಹೆ ಕೊಡುವುದಿಲ್ಲ. ಜೊತೆಗೆ ಅದರಿಂದ ಬರುವ ತೀರ್ಪಿನಲ್ಲಿ 'ಸಂಶಯದ ಲಾಭ' ಅನ್ನುವ ಮಾತು ಉಳಿದುಬಿಡುತ್ತದೆ. ಪೊಲೀಸ್ ಪಡೆಯಂಥ ನೇಮಕಾತಿಯಲ್ಲಿ ಅಂಥ ಖುಲಾಸೆಯನ್ನು ಇಲಾಖೆ ಮತ್ತೆ ತೂಗಿ ನೋಡಬಹುದು ಅಂತ ಸುಪ್ರೀಂ ಕೋರ್ಟು 2013ರಲ್ಲಿ ದೆಹಲಿ ಪೊಲೀಸ್ ನೇಮಕದ ಪ್ರಕರಣದಲ್ಲಿ ಹೇಳಿದೆ.

ಹದಿನೆಂಟು ತುಂಬುವ ಮುಂಚಿನ ಕೇಸಾದರೆ ಮಾತು ಬೇರೆ. ಅಳಿಸುವ ಕಾನೂನು ನಿಜವಾಗಿ ಇರುವುದು ಇಲ್ಲಿ. ಬಾಲನ್ಯಾಯ ಕಾಯ್ದೆ 2015ರ ಕಲಂ 24ರ ಪ್ರಕಾರ ಆ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ, ಅಪೀಲಿನ ಅವಧಿ ಮುಗಿದಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಹದಿನಾರು ದಾಟಿ, ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಮುಗಿದ ಕೇಸಿನ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಹೊರಗೆ ಕೊಡಬಾರದು ಅಂತ ಕಲಂ 74 ಹೇಳುತ್ತದೆ. ಎಷ್ಟೋ ಅಪ್ಪಅಮ್ಮಂದಿರಿಗೆ ಇದು ತಿಳಿಯದೆ ಮಗನನ್ನು ಅರ್ಜಿ ಹಾಕದಂತೆ ತಡೆದಿರುತ್ತಾರೆ.

ಮುಳಬಾಗಿಲಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನ ಭಾವ "ಏನೂ ಬರೀಬೇಡ, ಯಾರಿಗೆ ಗೊತ್ತಾಗುತ್ತೆ" ಅಂದಿದ್ದರು. ಗೊತ್ತಾಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹೆಸರು ಹಾಕಿದರೆ ಕೇಸು ಬರುತ್ತದೆ, ಹಿನ್ನೆಲೆ ಪರಿಶೀಲಿಸುವ ಏಜೆನ್ಸಿಗಳು ಮೊದಲು ನೋಡುವುದೇ ಅಲ್ಲಿ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದ್ದು ನೆನಪಿಡಬೇಕು. ಕೊಡುವ ಮಾಹಿತಿ ನಿಜವಿರಬೇಕು, ಯಾವುದನ್ನೂ ಮುಚ್ಚಿಡಬಾರದು. ಸಣ್ಣ ಅಪರಾಧವಾದರೆ ಮುಚ್ಚಿಟ್ಟದ್ದನ್ನೂ ಮನ್ನಿಸುವ ವಿವೇಚನೆ ಅಧಿಕಾರಿಗಿದೆ. ನಿಜ ಹೇಳಿದವನನ್ನು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಹುಡುಗ ಎಲ್ಲವನ್ನೂ ಬರೆದ. ದೋಷಾರೋಪಣ ಪಟ್ಟಿ, ಆದೇಶದ ದೃಢೀಕೃತ ನಕಲು, ಒಂದು ಪುಟದ ವಿವರಣೆ ಲಗತ್ತಿಸಿದೆವು. ಜೊತೆಯವರು ಟ್ರೈನಿಂಗಿಗೆ ಹೋಗಿ ತಿಂಗಳುಗಳಾದ ಮೇಲೆ ಅವನಿಗೂ ಕರೆ ಬಂತು. ಆ ಕಾಯುವಿಕೆಯಲ್ಲಿ ಅವನ ತಾಯಿ ಕರಗಿಹೋಗಿದ್ದರು.

ಖುಲಾಸೆಯಾದವರೂ ಕಾಗದ ಬಿಡಬೇಡಿ. ಕೇಸು ಮುಗಿದ ವಾರವೇ ಕಾಪಿ ಸೆಕ್ಷನ್‌ನಲ್ಲಿ ಅರ್ಜಿ ಹಾಕಿ ತೀರ್ಪಿನ ದೃಢೀಕೃತ ನಕಲು ತೆಗೆದುಕೊಳ್ಳಿ, ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋರ್ಟಿನಲ್ಲಿ ಬಿಡುಗಡೆಯಾಗಿ, ಠಾಣೆಯ ಕಂಪ್ಯೂಟರಿನಲ್ಲಿ ಇನ್ನೂ 'ವಿಚಾರಣೆ ಬಾಕಿ' ಅಂತಲೇ ಉಳಿದ ಕೇಸುಗಳನ್ನು ಕಂಡಿದ್ದೇನೆ. ಬೆರಳಚ್ಚು, ಫೋಟೊ ತೆಗೆದಿದ್ದರೆ ಇನ್ನೊಂದು ವಿಷಯವಿದೆ. 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆಯಡಿ ಆ ದಾಖಲೆ 75 ವರ್ಷ ಇಡಬಹುದು. ಆದರೆ ಹಿಂದೆ ಶಿಕ್ಷೆಯಾಗದವನು ಖುಲಾಸೆಯಾಗಿ, ಅಪೀಲೆಲ್ಲ ಮುಗಿದ ಮೇಲೆ ಅದನ್ನು ನಾಶ ಮಾಡಬೇಕು; ಕೋರ್ಟು ಕಾರಣ ಬರೆದು ಬೇಡ ಅಂದರೆ ಮಾತ್ರ ಉಳಿಸಬಹುದು. ಲಿಖಿತವಾಗಿ ಕೇಳಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಯಾರೂ ಕಟಕಟೆಯಲ್ಲಿ ಹೂಂ ಅನ್ನಬೇಕಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೋಲಾರದಲ್ಲೇ ಇದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಮಿಕರಿಗೆ, ಬಂಧನದಲ್ಲಿ ಇರುವವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಹೋಗುವಾಗ ಸಮನ್ಸ್, ಚಾರ್ಜ್‌ಶೀಟಿನ ನಕಲು, ಆಧಾರ್ ಹಿಡಿದುಕೊಂಡು ಹೋಗಿ. ಅದೂ ವಾಯಿದೆಯ ದಿನ ಬೆಳಿಗ್ಗೆ ಹೋಗದೆ, ಅದಕ್ಕೆ ಮುಂಚೆಯೇ ಹೋಗಿ; ಕಡತ ಓದಲು ವಕೀಲರಿಗೂ ಹೊತ್ತು ಬೇಕು.