ಫೈಬರ್ ಅಂಚನ್ನು ಗೆರೆಗೆ ತರುವ ಕೆಲಸ

ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗೂ ನಮ್ಮ ಶೆಡ್ಡಿನಲ್ಲಿ ತಯಾರಾಗುವ ಟ್ರ್ಯಾಕ್ಟರ್ ಟಾಪಿಗೂ ಮೂಲ ಸರಕು ಗಾಜಿನ ಎಳೆ ಮತ್ತು ರೆಸಿನ್ ಎಂಬ ಗಟ್ಟಿಯಾಗುವ ಅಂಟು. ಅಚ್ಚಿನಿಂದ ಬಿಡಿಸಿದ ಟಾಪಿನ ಹೆಚ್ಚುವರಿ ಅಂಚನ್ನು ಗುರುತಿನ ಗೆರೆಗೆ ಕೊಯ್ದಾಗ ಅದು ಹರಿದಂತೆ ಕಂಡರೆ ತಪ್ಪನ್ನು ಕೈಯ ಮೇಲೆ ಹೊರಿಸುವುದು ರೂಢಿ. ನಾನಾದರೆ ಮೊದಲು ಬ್ಲೇಡನ್ನು ನೋಡುತ್ತೇನೆ. ಗಾಜಿನ ಎಳೆ ಸಾಮಾನ್ಯ ಉಕ್ಕಿನ ಹಲ್ಲನ್ನು ಬಹುಬೇಗ ಸವೆಸುತ್ತದೆ, ಮೊಂಡಾದ ಹಲ್ಲು ಕೊಯ್ಯುವ ಬದಲು ಉಜ್ಜುತ್ತದೆ, ಆ ಬಿಸಿಗೆ ರೆಸಿನ್ ಮೆತ್ತಗಾಗಿ ಎಳೆಗಳು ಹಿಂಜಿಕೊಂಡು ಹೊರಬರುತ್ತವೆ.

ಆದ್ದರಿಂದ ನೇರ ಗೆರೆಗೆ 4 ಇಂಚಿನ ಗ್ರೈಂಡರಿಗೆ ಟೈಲ್ಸ್ ಕೊಯ್ಯುವ ಡೈಮಂಡ್ ವೀಲನ್ನೇ ಹಾಕುವುದು ಉತ್ತಮ. ವೀಲಿನ ಮೇಲೆ ಮುದ್ರಿಸಿರುವ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ತಿರುವುಗಳಲ್ಲಿ ವೀಲು ಸಿಕ್ಕಿಕೊಂಡು ಗ್ರೈಂಡರ್ ಎಗರುವ ಅಪಾಯವಿರುವುದರಿಂದ ಅಲ್ಲಿಗೆ ಜಿಗ್‌ಸಾ, ಅಂದರೆ ಮೇಲೆ ಕೆಳಗೆ ಆಡುವ ಸಣ್ಣ ಗರಗಸದ ಯಂತ್ರ ಬೇಕು. ಅದರ ಸಾಧಾರಣ ಬ್ಲೇಡಿನ ಹಲ್ಲು ಮೇಲ್ಮುಖವಾಗಿದ್ದು, ಮೇಲಕ್ಕೆ ಎಳೆಯುವಾಗ ಕೊಯ್ಯುವುದರಿಂದ, ಬಣ್ಣದ ಜೆಲ್‌ಕೋಟ್ (ಟಾಪಿನ ಹೊರಮೈಯ ನುಣುಪು ಪದರ) ಮೇಲ್ಗಡೆ ಇದ್ದರೆ ಚಕ್ಕೆ ಏಳುತ್ತದೆ. ಹೀಗಾಗಿ ಜೆಲ್‌ಕೋಟನ್ನು ಕೆಳಮುಖವಾಗಿಟ್ಟು, ಗೆರೆಯ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಭಾಗ ನಡುಗದಂತೆ ಎರಡೂ ಕಡೆ ಆಧಾರ ಕೊಟ್ಟು ಕೊಯ್ಯಬೇಕು.

ಗೆರೆಯ ಮೇಲೆಯೇ ಕೊಯ್ಯುವ ಹಟವನ್ನು ನಾನು ಒಪ್ಪುವುದಿಲ್ಲ. ಎರಡು ಮೂರು ಮಿಲಿಮೀಟರ್ ಹೊರಗೆ ಬಿಟ್ಟು ಕೊಯ್ದು, ಮರದ ತುಂಡಿಗೆ ಸುತ್ತಿದ 80ರ ಉಪ್ಪುಕಾಗದದಿಂದ, ಜೆಲ್‌ಕೋಟ್ ಕಡೆಯಿಂದ ಒಳಮೈ ಕಡೆಗೆ ಮಾತ್ರ ಉಜ್ಜುತ್ತ ಗೆರೆಗೆ ತಂದು, ಕೊನೆಗೆ 120ರಲ್ಲಿ ಮುಗಿಸಿದರೆ ಚಕ್ಕೆ ಏಳುವ ಭಯವಿರುವುದಿಲ್ಲ.

ಇಷ್ಟು ಯಂತ್ರವೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯುಂಟು: ರೆಸಿನ್ ರಬ್ಬರಿನ ಹದದಲ್ಲಿರುವಾಗಲೇ, ಅಚ್ಚಿನಲ್ಲಿದ್ದಂತೆಯೇ, ಹೊಸ ಬ್ಲೇಡಿನ ಚಾಕುವಿನಿಂದ ಹೆಚ್ಚುವರಿ ಮ್ಯಾಟನ್ನು (ಗಾಜಿನ ಎಳೆಯ ಹಾಸನ್ನು) ಕತ್ತರಿಸುವುದು. ಇದರಲ್ಲಿ ಧೂಳೇ ಇಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಮಾತ್ರ ಆ ಹದ ಬೇಗನೆ ಕಳೆದುಹೋಗುತ್ತದೆ. ಅವಸರಪಟ್ಟು ಮೊದಲೇ ಎಳೆದರೆ ಮ್ಯಾಟ್ ಕಿತ್ತುಬರುತ್ತದೆ.

ಧೂಳಿನ ವಿಷಯದಲ್ಲಿ ನಮ್ಮ ಹುಡುಗರು, "ಕರ್ಚೀಫ್ ಕಟ್ಟೀನಲ್ಲಣ್ಣ" ಎನ್ನುತ್ತಾರೆ. ಅದು ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ, ಬ್ಲೇಡಿನ ಪಕ್ಕದಲ್ಲೇ ಧೂಳೆಳೆಯುವ ವ್ಯಾಕ್ಯೂಮ್ ಕೊಳವೆ ಇವಿಷ್ಟು ಇರಲೇಬೇಕು. ಆಷಾಢದ ಗಾಳಿ ಧೂಳನ್ನು ಒಯ್ಯುತ್ತದೆಂದು ಬಯಲಿನಲ್ಲಿ ಕೊಯ್ದರೆ ಅದು ನೆರೆಮನೆಯ ಅಂಗಳ ಸೇರುತ್ತದೆ. ಮೈಮೇಲಿನ ಎಳೆಯನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು. ಉಜ್ಜದೆ ತಣ್ಣೀರಿನಲ್ಲಿ ತೊಳೆದುಕೊಳ್ಳಬೇಕು.

ಅಂಚು ನಯವಾದ ಮೇಲೆ ಹಾರ್ಡ್‌ನರ್ (ಗಟ್ಟಿಗೊಳಿಸುವ ದ್ರವ) ಬೆರೆಸಿದ ರೆಸಿನನ್ನು ಕುಂಚದಿಂದ ಬಳಿಯಬೇಕು. ತೆರೆದ ಎಳೆಗಳ ತುದಿಯಿಂದ ಮಳೆನೀರು ಒಳಗಿಳಿದರೆ ಪದರಗಳು ನಿಧಾನವಾಗಿ ಬಿಟ್ಟುಕೊಳ್ಳುತ್ತವೆ.