ಆಮೆ ಗೂಡಿಗೆ ಏನು ಹಾಸೋದು

ಶಿರಸಿ ಮಳೆಗಾಲದಲ್ಲಿ ಆಮೆ ಗೂಡಿಗೆ ಏನು ಹಾಸೋದು ಅನ್ನೋದೇ ದೊಡ್ಡ ವಿಚಾರ, ಗಾಳಿನೇ ಒದ್ದೆ ಇಲ್ಲಿ. ಪಕ್ಕದ ಮನೆ ಮಾವ ಮಿಲ್ಲಿನ ಮರದ ಹೊಟ್ಟು ತಗೊಂಡು ಬಾ ಅಂದ್ರು, ಆದ್ರೆ ಪೈನ್, ಸೀಡರ್ ತರದ ಘಾಟು ಮರದ ಹೊಟ್ಟು ಆಮೆ ಉಸಿರಾಟಕ್ಕೆ ಒಳ್ಳೇದಲ್ಲ, ಮಿಲ್ಲಲ್ಲಿ ಯಾವ್ಯಾವ ಮರ ಕೊಯ್ದಿರ್ತಾರೋ. ಕಾರವಾರದ ತಂಗಿ ಸಮುದ್ರದ ಮರಳು ತರ್ಲಾ ಅಂದ್ಲು. ಬೇಡ ಮಾರಾಯ್ತಿ, ಉಪ್ಪು ಒಂದು, ತಿನ್ನೋ ಸೊಪ್ಪಿನ ಜೊತೆ ಮರಳು ಹೊಟ್ಟೆಗೆ ಹೋದ್ರೆ ಕರುಳು ಕಟ್ಕೊಳ್ತದೆ.

ನಮ್ಮದು ರೆಡ್‌ಫುಟ್, ದಕ್ಷಿಣ ಅಮೆರಿಕದ ಜಾತಿ, ಕಾಗದಪತ್ರ ಎಲ್ಲ ಇದೆ (ನಮ್ಮ ದೇಶದ ನಕ್ಷತ್ರ ಆಮೆ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ದಯವಿಟ್ಟು ತರಬೇಡಿ). ಇದಕ್ಕೆ ತೇವ ಬೇಕು, ಮರಿಯಲ್ಲಿ ಒಣ ಜಾಗದಲ್ಲಿ ಬೆಳೆದ್ರೆ ಚಿಪ್ಪು ಗುಡ್ಡೆಗುಡ್ಡೆಯಾಗಿ ಏಳ್ತದೆ, ಹಾಗಂತ ಮೇಲೆಲ್ಲ ಪಿಚಿಪಿಚಿ ಆದ್ರೆ ಹೊಟ್ಟೆ ಕಡೆ ಚಿಪ್ಪು ಕೊಳೀತದೆ. ಅದಕ್ಕೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಗೊಬ್ಬರ, ಔಷಧ ಬೀಳದ ಮಣ್ಣು ಕಲಸಿ ಒಂದು 4 ಇಂಚು ಹಾಕಿದ್ದೇನೆ, ಮೇಲೆ ಬೇಸಿಗೆಯಲ್ಲೇ ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರೋ ಕಾಡು) ತಂದಿಟ್ಟ ದರಕು, ಅಂದ್ರೆ ಒಣಗಿದ ಎಲೆ. ನೀರು ಮೂಲೆಗಳಲ್ಲಿ ಮಾತ್ರ ಹೊಯ್ಯೋದು, ಅಡಿಗೆ ಇಳೀತದೆ, ಮೇಲೆ ಒಣಗೇ ಇರ್ತದೆ.

ಪ್ರಾಣಿ ತಂದಾಗ ಲೈಟು, ಗಾಜು, ಬಣ್ಣ ಎಲ್ಲ ನೋಡ್ತೇವೆ, ಅದರ ಹೊಟ್ಟೆ ದಿನವಿಡೀ ತಾಗೋ ನೆಲ ಮಾತ್ರ ಕೊನೆಗೆ ನೆನಪಾಗ್ತದೆ. ಅಜ್ಜಿ ಕೊಟ್ಟಿಗೆಗೆ ದರಕು ಹಾಸೋವಾಗ ಕೈಯಲ್ಲಿ ಹಿಸುಕಿ ಒಣಗಿದ್ಯಾ ಅಂತ ನೋಡೇ ಹಾಸ್ತಿದ್ರು.

ಹಾಂ, ಕೋಕೋಪೀಟ್ ತಗೊಳ್ಳೋರು ತೊಳೆದದ್ದೇ ತಗೊಳ್ಳಿ, ಅದ್ರಲ್ಲೂ ಉಪ್ಪಿನಂಶ ಇರ್ತದೆ, ಗೊಬ್ಬರ ಬೆರೆಸಿದ ನರ್ಸರಿ ಮಿಕ್ಸ್ ಬೇಡವೇ ಬೇಡ.