ಮೂರು ಫೇಸ್ ಮನೆ, ಸೌರ ವಿದ್ಯುತ್ತು ಮತ್ತು ಬ್ಯಾಟರಿ

ಚಾವಣಿಯ ಮೇಲೆ 5 ಕಿಲೋವಾಟ್ ಫಲಕಗಳಿದ್ದು, ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಕರೆಂಟ್ ಹೋದ ಕೂಡಲೇ ಫ್ಯಾನು ನಿಂತುಬಿಡುತ್ತದೆ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್, ಸರಬರಾಜು ನಿಂತೊಡನೆ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ತೇ ಹೊಡೆದೀತು. ಬೆಂಗಳೂರಿನ ನಮ್ಮ ಮನೆಗೆ ಬ್ಯಾಟರಿ ಸೇರಿಸುವ ಮಾತು ಹುಟ್ಟಿದ್ದು ಈ ಕಾರಣಕ್ಕೆ, ಬಿಲ್ ಉಳಿಸುವುದಕ್ಕಲ್ಲ. ನೆಟ್ ಮೀಟರಿಂಗ್ ಇರುವ ಮನೆಯಲ್ಲಿ ಹಗಲಿನ ಹೆಚ್ಚುವರಿ ಯೂನಿಟ್‌ಗಳು ಹೇಗೂ ಲೆಕ್ಕಕ್ಕೆ ಜಮೆಯಾಗುತ್ತವೆ. ಅವನ್ನೇ ಬ್ಯಾಟರಿಗೆ ತುಂಬಿ ತೆಗೆದರೆ ನಡುವೆ ಒಂದಿಷ್ಟು ಸೋರಿಹೋಗುತ್ತದೆ.

ಮಾರಾಟಗಾರರು ಮೊದಲು ಕೇಳುವುದು ಎಷ್ಟು ಸಾಮರ್ಥ್ಯದ ಬ್ಯಾಟರಿ ಬೇಕೆಂದು. ಮೂರು ಫೇಸ್ ಸಂಪರ್ಕವಿರುವವರು ಅದಕ್ಕಿಂತ ಮೊದಲು, ಕರೆಂಟ್ ಹೋದಾಗ ಫಲಕಗಳೂ ದುಡಿಯಬೇಕೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಈಗಿರುವ ಮೂರು ಫೇಸ್ ಸೌರ ಇನ್ವರ್ಟರ್ ಕೆಲಸ ಮಾಡಲು ಮೂರೂ ಫೇಸ್‌ಗಳು ಒಂದರ ಹಿಂದೊಂದು ಸರಿಯಾದ ಕಾಲದ ಅಂತರದಲ್ಲಿ ಅದಕ್ಕೆ ಕಾಣಿಸಬೇಕು. ಅಗ್ಗವೆಂದು ಸಿಂಗಲ್ ಫೇಸ್ ಬ್ಯಾಟರಿ ಇನ್ವರ್ಟರ್ ಹಾಕಿಸಿದರೆ ಅದು ಒಂದೇ ಫೇಸನ್ನು ಒದಗಿಸುತ್ತದೆಯಾದ್ದರಿಂದ, ಮೇಲಿನ ಫಲಕಗಳು ಎಂದಿನಂತೆ ಸುಮ್ಮನಿರುತ್ತವೆ. ಅವೂ ದುಡಿಯಬೇಕೆಂದರೆ ಫಲಕ, ಬ್ಯಾಟರಿ ಎರಡನ್ನೂ ನಡೆಸುವ ಮೂರು ಫೇಸ್ ಹೈಬ್ರಿಡ್ ಇನ್ವರ್ಟರನ್ನೇ ತರಬೇಕು, ಇಲ್ಲವೇ ಮೂರು ಸಿಂಗಲ್ ಫೇಸ್ ಇನ್ವರ್ಟರ್‌ಗಳನ್ನು ಒಂದಕ್ಕೊಂದು ಹೊಂದಿಸಿ ಕೂರಿಸಬೇಕು. ಎರಡೂ ಜೇಬಿಗೆ ಭಾರವೇ.

ನಮ್ಮ ಬಡಾವಣೆಯಲ್ಲಿ ಕರೆಂಟ್ ಹೋದರೆ ಸಾಮಾನ್ಯವಾಗಿ ಗಂಟೆ ಎರಡು ಗಂಟೆಯೊಳಗೆ ಬರುತ್ತದೆ. ಹಾಗಾಗಿ ಸಿಂಗಲ್ ಫೇಸ್ ಸಾಕೆಂದು ನಿರ್ಧರಿಸಿ, 51.2 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದನ್ನು ಆರಿಸಿಕೊಂಡೆವು. ಅದರಲ್ಲಿ ಹಿಡಿಯುವುದು ಐದು ಯೂನಿಟ್‌ಗಿಂತ ತುಸು ಹೆಚ್ಚು. ಫ್ರಿಜ್, ದೀಪ, ಫ್ಯಾನು, ವೈಫೈ ಸೇರಿ 400 ವಾಟ್ ಎಂದಿಟ್ಟುಕೊಂಡರೂ ಹತ್ತು ಗಂಟೆ ದಾಟುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಬ್ಯಾಟರಿಯಲ್ಲ, ಮನೆಯ ಕರೆಂಟನ್ನು ಹಂಚುವ ಡಿಬಿ ಬಾಕ್ಸ್. ಮುಚ್ಚಳ ತೆಗೆದು ನೋಡಿದರೆ ಫ್ರಿಜ್ ಕೆಂಪು ತಂತಿಯ ಫೇಸ್‌ನಲ್ಲಿ, ಹಾಲ್‌ನ ದೀಪಗಳು ಹಳದಿಯಲ್ಲಿ, ಮೇಲಿನ ಕೋಣೆಗಳು ನೀಲಿಯಲ್ಲಿ ಹಂಚಿಹೋಗಿದ್ದವು. ಅಗತ್ಯವಾದವನ್ನೆಲ್ಲ ಆರಿಸಿ ಪ್ರತ್ಯೇಕ ಚಿಕ್ಕ ಬೋರ್ಡ್‌ಗೆ ತರಬೇಕಾಯಿತು. ಆಗ ಫೇಸ್ ತಂತಿಯೊಡನೆ ಅದರದೇ ನ್ಯೂಟ್ರಲ್ ಕೂಡ ಹೊಸ ಬೋರ್ಡ್‌ಗೆ ಬರಲೇಬೇಕು. ಅದು ಹಳೆಯ ಬೋರ್ಡ್‌ನ ನ್ಯೂಟ್ರಲ್ ಪಟ್ಟಿಯಲ್ಲೇ ಉಳಿದರೆ, ಕರೆಂಟ್ ಸೋರಿದಾಗ ಕಡಿಯುವ ಆರ್‌ಸಿಸಿಬಿ ಸ್ವಿಚ್ ಕಾರಣವಿಲ್ಲದೆ ಬೀಳುತ್ತಿರುವಂತೆ ತೋರುತ್ತದೆ. ಮೂರೂ ಫೇಸ್‌ಗಳನ್ನು ಜಂಪರ್ (ತುಂಡು ತಂತಿ) ಹಾಕಿ ಸೇರಿಸಿ ಒಂದೇ ಇನ್ವರ್ಟರ್‌ಗೆ ಕೊಡೋಣವೆನ್ನುವ ಎಲೆಕ್ಟ್ರಿಷಿಯನ್ನರೂ ಸಿಗುತ್ತಾರೆ. ಅವರ ಮಾತಿಗೆ ಒಪ್ಪಬಾರದು: ಅದರಲ್ಲಿ ಮೂರು ಫೇಸ್ ಮೋಟಾರೇನಾದರೂ ಸಿಕ್ಕಿಕೊಂಡರೆ ಎಲ್ಲ ತಂತಿಗಳಲ್ಲೂ ಒಂದೇ ಫೇಸ್ ಇರುವುದರಿಂದ ಅದು ತಿರುಗುವುದೇ ಇಲ್ಲ.

ತೀರ್ಥಹಳ್ಳಿ ಕಡೆ ತೋಟವಿರುವ ನಮ್ಮ ಭಾವನವರ ಪರಿಸ್ಥಿತಿ ಬೇರೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಅಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅವರಿಗೆ ನಾನು ಹೈಬ್ರಿಡ್ ಇನ್ವರ್ಟರನ್ನೇ ಸೂಚಿಸಿದ್ದೇನೆ. ಆದರೆ 10 ಕಿಲೋವಾಟ್ ಎಂದು ಬರೆದ ಯಂತ್ರ ಒಂದೊಂದು ಫೇಸ್‌ಗೆ ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲನ್ನಷ್ಟೇ ಕೊಡಬಹುದು. ಗೀಸರ್, ಮಿಕ್ಸಿ ಒಂದೇ ಫೇಸ್‌ಗೆ ಬಿದ್ದರೆ ಟ್ರಿಪ್ ಆಗಬಹುದು. 5 ಎಚ್‌ಪಿ ಬೋರ್‌ವೆಲ್ ಮೋಟಾರು ಓಡುವಾಗ ಸುಮಾರು 3.7 ಕಿಲೋವಾಟ್ ಶಕ್ತಿಯದ್ದಾದರೂ, ನೇರವಾಗಿ ಚಾಲೂ ಮಾಡಿದ ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆದ್ದರಿಂದ ಮೋಟಾರನ್ನು ನಿಧಾನವಾಗಿ ವೇಗಕ್ಕೆ ತರುವ ವಿಎಫ್‌ಡಿಯ ಖರ್ಚನ್ನೂ ಸೇರಿಸಿಯೇ ದರಪಟ್ಟಿ ಕೊಡುವಂತೆ ಅಂಗಡಿಯವರಿಗೆ ಹೇಳಲಾಗಿದೆ.